ಉಡಿ ಮಷೀನು

“ನೀ ಬಂಜಿ ಅಲ್ಲಂದ್ರ ನಾ ಯಾಕ ಬಂದೆ ಈ ಮನಿಗೆ? ಹೇಳು. ಸಕ್ರಿ ಹಂಚಿದ್ದ ಲಗ್ನ ಮುರದು ನನ್ನ ತಂದು ನಿನ್ನ ಗಂಡನ ಕೊಳ್ಳಿಗೆ ಕಟ್ಟಿದ್ರಲ್ಲ, ಅದೆಲ್ಲಾ ಸುಳ್ಳಿನ ಮ್ಯಾಲ ಕಟ್ಟಿದ್ದೇನು?”

ಚಂದ್ರವ್ವ ಹಿಟ್ಟು ಮೆತ್ತಿದ ಕೈಯನ್ನು ಪರಾತದ ಅಂಚಿಗೆ ಬಡಿದಳು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆಯಾಡುತ್ತಿತ್ತು. ಒಲೆಯ ಮುಂದೆ ಕುಳಿತಿದ್ದ ಅಕ್ಕ ನಿಂಬೆವ್ವ ಅದನ್ನು ತಿರುವಿ ಹಾಕಲಿಲ್ಲ.

“ಬಂಜಿ ಅಂದಾವ್ರನ್ನ ಕೇಳು. ನಾ ಒಂದಿನಾನೂ ಅಂದಿಲ್ಲ. ನನ್ನ ಹೊಟ್ಟ್ಯಾಗ ಕೂಸಿತ್ತು ಅಂತನ ಹೇಳಕೋತ ಬಂದೀನಿ. ನಿಮ್ಮ ಕಿವಿ ಸತ್ತಿದ್ವು.”

“ಹಂಗಾರ ಈಗ್ಯಾಕ ಆ ಮಷೀನಿಗೆ ಹೊಂಟಿ? ಮುದುಕಿ ಆದ ಮ್ಯಾಲ ಯಾರಿಗೆ ತೋರಸಬೇಕಾಗೇತಿ?”

“ನಿನ್ನ ಮೊಮ್ಮಗನ ತೊಟ್ಟಲಾ ಮುಟ್ಟಬ್ಯಾಡ ಅಂದ್ರಲ್ಲ, ಅವ್ರಿಗೆ. ಬಾಯಿ ಮುಚಗೊಂಡು ನಿಂತಿದ್ದಿಯಲ್ಲ, ನಿನಗ.”

ಚಂದ್ರವ್ವ ಸೀದ ರೊಟ್ಟಿಯನ್ನು ಹಂಚಿನಿಂದ ಕಿತ್ತು ಪಕ್ಕಕ್ಕೆ ಒಗೆದಳು.

ಇವರಿಬ್ಬರೂ ಒಡಹುಟ್ಟಿದವರು, ಒಬ್ಬನೇ ಗಂಡನ ಇಬ್ಬರು ಹೆಂಡಿರು. ಗಂಡ ಅಮೋಗಸಿದ್ದ ಕುರಿ ಕಾಯುವವನು. ಅವನು ಸತ್ತ ಮೇಲೆ ಅಕ್ಕತಂಗಿ ಕುರಿ ಮಾರಿ ವಿಜಯಪುರಕ್ಕೆ ಬಂದು ಜೋಳದ ರೊಟ್ಟಿಯ ಖಾನಾವಳಿ ಇಟ್ಟಿದ್ದರು. ಹಿರಿಯವಳಿಗೆ ಮಕ್ಕಳಾಗಲಿಲ್ಲ ಎಂದು ಕಿರಿಯವಳನ್ನೂ ಅದೇ ಮನೆಗೆ ಕೊಟ್ಟಿದ್ದರು. ಕಾನೂನು ಒಪ್ಪದ ಕೆಲಸ. ಆದರೆ ಕಾನೂನು ಆ ಊರಿನ ಹಾದಿಯಲ್ಲಿ ಯಾವತ್ತೂ ಬಂದದ್ದಿಲ್ಲ, ಊರು ಒಪ್ಪಿತು, ಲಗ್ನ ಆಯಿತು. ಚಂದ್ರವ್ವ ಮಾಳಪ್ಪನನ್ನು ಹಡೆದಳು. ಹಡೆದದ್ದು ಅವಳು, ಎತ್ತಿ ಆಡಿಸಿದ್ದು ನಿಂಬೆವ್ವ. ಆ ಮಾಳಪ್ಪನಿಗೀಗ ಮಗ ಹುಟ್ಟಿದ್ದ. ನಿನ್ನೆ ತೊಟ್ಟಿಲಿಗೆ ಹಾಕುವಾಗ ನಿಂಬೆವ್ವ ಹಗ್ಗ ಹಿಡಿಯಲು ಕೈ ಚಾಚಿದ್ದಳು. ಬೀಗತಿ ಆ ಕೈಯನ್ನು ಮೆಲ್ಲಗೆ ಹಿಡಿದು ಪಕ್ಕಕ್ಕೆ ಸರಿಸಿದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೆಲ್ಲಗೆ ಸರಿಸಿದ್ದಕ್ಕೆ ಏನೂ ಮಾಡುವಂತಿರಲಿಲ್ಲ.

ನಿಂಬೆವ್ವನ ಮಾತಿಗೆ ಸಾಕ್ಷಿ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಡೋಣಿ ಹೊಳೆಯ ದಂಡೆಯ ಎರೆಹೊಲದಲ್ಲಿ ಒಬ್ಬಳೇ ಕುರಿ ಮೇಯಿಸುತ್ತಿದ್ದಾಗ ಐದು ತಿಂಗಳ ಬಸಿರು ಇಳಿದುಹೋಗಿತ್ತು. ಕತ್ತಲಾಗುವ ಹೊತ್ತು. ಗಂಡೋ ಹೆಣ್ಣೋ ನೋಡುವ ಧೈರ್ಯ ಬರಲಿಲ್ಲ. ಕೈಯಿಂದಲೇ ಮಣ್ಣು ತೋಡಿ, ಹುಗಿದು, ನಾಯಿ ಕೆದರದಂತೆ ಕಲ್ಲು ಹೇರಿ ಬಂದಿದ್ದಳು. ಅತ್ತೆ ಕೇಳಿ ನಕ್ಕಳು. ಮುಟ್ಟು ನಿಂತಿತ್ತು, ಹರಿದು ಹೋಯಿತು, ಅದಕ್ಕೆ ಕೂಸು ಅನ್ನುತ್ತಾಳೆ ಎಂದು ಊರ ತುಂಬ ಹೇಳಿದಳು. ಆಮೇಲೆ ನಿಂಬೆವ್ವನಿಗೆ ಬಸಿರು ನಿಲ್ಲಲೇ ಇಲ್ಲ. ಊರಿಗೆ ಅಷ್ಟು ಸಾಕಾಯಿತು.

ಈಗ ಆ ಯಂತ್ರ ಬಂದಿತ್ತು.

ತಾಯಿಯ ಹೊಟ್ಟೆಯಲ್ಲಿ ಕೂಸು ಇರುವಾಗ ಅದರ ಮೈಯ ಕೆಲವು ಜೀವಕಣಗಳು ತಾಯಿಯ ರಕ್ತಕ್ಕೆ ಇಳಿದುಬಿಡುತ್ತವೆ. ಇಳಿದವು ಅಲ್ಲೇ ಮನೆ ಮಾಡುತ್ತವೆ. ಕೂಸು ಹುಟ್ಟಲಿ, ಸಾಯಲಿ, ದೊಡ್ಡದಾಗಿ ಬೇರೆ ಊರಿಗೆ ಹೋಗಲಿ, ಆ ಕಣಗಳು ತಾಯಿಯ ಮೈಯಲ್ಲಿ ಮೂವತ್ತು ನಲವತ್ತು ವರ್ಷ ಬದುಕಿರಬಲ್ಲವು. ವಿಜ್ಞಾನದವರಿಗೆ ಇದು ಮೊದಲೇ ಗೊತ್ತಿತ್ತು. ಆದರೆ ಒಂದು ಚಮಚ ರಕ್ತದಲ್ಲಿ ಇಷ್ಟೇ ಇವೆ ಎಂದು ಹುಡುಕಿ ಎಣಿಸುವ ಉಪಾಯ ಇರಲಿಲ್ಲ. ಆ ಉಪಾಯವೇ ಈ ಯಂತ್ರ. ಸರ್ಕಾರ ಇದಕ್ಕೆ ‘ಸಂತತಿ ಕಣ ಗಣಕ’ ಎಂದು ಹೆಸರಿಟ್ಟಿತು. ಜನ ಆ ಹೆಸರನ್ನು ಬಾಯಿಗೆ ತರಲಿಲ್ಲ. ಉಡಿಯಲ್ಲಿ ಏನಿತ್ತು ಎಂದು ಹೇಳುವ ಮಷೀನು, ಉಡಿ ಮಷೀನು ಎಂದರು.

ಬಂದದ್ದೇ ತಡ, ಹೆಂಗಸರು ಪಾಳಿ ಹಚ್ಚಿದರು. ಮಗನನ್ನು ಕಳೆದುಕೊಂಡ ತಾಯಂದಿರು ಬಂದರು. ಪರದೆಯ ಮೇಲೆ ಮಿಣುಗುವ ಚುಕ್ಕಿಯನ್ನು ತೋರಿಸಿದರೆ ಅದಕ್ಕೆ ಕೈ ಮುಗಿದು, ಹೆಸರು ಹಿಡಿದು ಮಾತಾಡಿಸಿ ಹೋದರು. ಮನುಷ್ಯ ಇಷ್ಟಕ್ಕೇ ಬಿಟ್ಟರೆ ಚೆನ್ನಾಗಿತ್ತು. ಬಿಡಲಿಲ್ಲ. ಮದುವೆಗೆ ಮೊದಲು ಹುಡುಗಿಯ ಉಡಿ ಎಣಿಸಿಕೊಂಡು ಬನ್ನಿ ಎನ್ನುವ ಬೀಗರು ಹುಟ್ಟಿಕೊಂಡರು. ಗುಟ್ಟಾಗಿ ಬಸಿರು ತೆಗೆಸಿಕೊಂಡಿದ್ದವರು ದವಾಖಾನೆಯ ರಸ್ತೆಯಲ್ಲೇ ನಡೆಯದಂತಾದರು. ನಿಶ್ಚಯವಾದ ಎಷ್ಟೋ ಲಗ್ನ ಮುರಿದವು. ಕೊನೆಗೆ ಆದೇಶ ಬಂತು: ಹೆಂಗಸು ತಾನಾಗಿ ಕೇಳಿದರೆ ಮಾತ್ರ ಪರೀಕ್ಷೆ, ಉತ್ತರ ಅವಳ ಕಿವಿಗೆ ಮಾತ್ರ.

ಎಣಿಕೆ ಕೇಂದ್ರ ಖಾನಾವಳಿಯ ಎದುರಿಗೇ ಇತ್ತು. ಅಲ್ಲಿಯ ಮುಖ್ಯ ವೈದ್ಯೆ ಡಾಕ್ಟರ್ ಗ್ರೇಸಿ ಲೋಬೋ ಮಂಗಳೂರಿನ ಕಡೆಯವರು. ಜೋಳದ ರೊಟ್ಟಿ ಮುರಿಯಲು ಬಾರದೆ ಮೊದಮೊದಲು ಒದ್ದಾಡಿದ್ದರು, ಈಗ ದಿನಾ ಮಧ್ಯಾಹ್ನ ಅದೇ ಬೇಕು. ಎಣಿಸುವವನು ಸಾಯಬಣ್ಣ, ಸಿಂದಗಿ ಕಡೆಯ ಒಕ್ಕಲುತನದ ಮನೆಯವನು. ಕಣ್ಣು ಬಲು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಯಂತ್ರದ ಕೆಲಸವನ್ನು ನಿಂಬೆವ್ವನಿಗೆ ಅವನೇ ಉಣ್ಣುತ್ತ ಉಣ್ಣುತ್ತ ತಿಳಿಸಿ ಹೇಳಿದ್ದ.

ರಕ್ತದಲ್ಲಿ ಕೆಂಪು ಕಣಗಳೇ ಗುಂಪು ಗುಂಪು. ಮೊದಲು ಅವನ್ನೆಲ್ಲ ಒಡೆದು ತೊಳೆದು ಬಿಳಿ ಕಣಗಳನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಅವಕ್ಕೆ ಬಣ್ಣ ಕುಡಿಸುತ್ತಾರೆ. ಜೀವ ಇರುವ ಕಣ ಹಸಿರು ಬಣ್ಣವನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಸತ್ತ ಕಣದ ಗೋಡೆ ಹರಿದಿರುತ್ತದೆ, ಅದರೊಳಗೆ ಕೆಂಪು ಬಣ್ಣ ನುಗ್ಗುತ್ತದೆ. ಮೂರನೆಯದು ಬಂಗಾರದ ಬಣ್ಣ. ಅರ್ಧ ತಾಯಿಯದು, ಅರ್ಧ ಬೇರೆಯವರದು ಆಗಿರುವ ಕಣಕ್ಕೆ ಮಾತ್ರ ಅದು ಅಂಟುತ್ತದೆ. ಅಂಥ ಕಣ ಅಂದರೆ ಮಗುವಿನದು. ಕಣಗಳನ್ನು ಗಾಜಿನ ಮೇಲೆ ತೆಳುವಾಗಿ ಹರಡಿ ಬೆಳಕು ಬಿಡುತ್ತಾರೆ. ಬೆಳಕು ಹೋಗುವುದು ಒಂದು ಬಣ್ಣವಾಗಿ, ಕಣ ಅದನ್ನು ನುಂಗಿ ತಿರುಗಿ ಕೊಡುವುದು ಇನ್ನೊಂದು ಬಣ್ಣವಾಗಿ. ಹೋದ ಬೆಳಕನ್ನು ತಡೆದು, ಬಂದ ಬೆಳಕನ್ನಷ್ಟೇ ಒಳಗೆ ಬಿಡುವ ಗಾಜೊಂದು ನಡುವೆ ಇದೆ. ಹಾಗಾಗಿ ಸುತ್ತಲೂ ಕತ್ತಲೆ, ಕಣ ಮಾತ್ರ ಬೆಳಗುತ್ತದೆ. ಯಂತ್ರ ತುಣುಕು ತುಣುಕಾಗಿ ಚಿತ್ರ ತೆಗೆದು, ಪ್ರತಿ ಚುಕ್ಕಿಗೂ ಗೆರೆ ಎಳೆದು, ಅಂಟಿಕೊಂಡವನ್ನು ಬಿಡಿಸಿ, ಲಕ್ಷಗಟ್ಟಲೆ ಕಣಗಳನ್ನು ತಾನೇ ಎಣಿಸುತ್ತದೆ. ಬಂಗಾರದ ಚುಕ್ಕಿಗಳ ಸಂಗತಿ ಬೇರೆ. ಒಮ್ಮೊಮ್ಮೆ ಧೂಳೂ ಹಾಗೇ ಹೊಳೆಯುತ್ತದೆ. ಆದ್ದರಿಂದ ಅವುಗಳನ್ನು ಮನುಷ್ಯನ ಕಣ್ಣೇ ನೋಡಬೇಕು.

“ಎರಡೂ ಕೈ ತಿರುಪಿನ ಮ್ಯಾಲ ಇರ್ತಾವ ಯವ್ವ. ಕಣ್ಣು ತಗಿಯಂಗಿಲ್ಲ. ಬಾಯಿಲೆ ಎಣಸತೀನಿ, ಮಷೀನು ಕೇಳಸಕೋತೈತಿ. ಮುಗೀತು ಅಂದ್ರ ಕಡೀಕ ಕೇಳಿದ ಅಂಕಿ ಬರಕೋತೈತಿ.”

ಯಾರ ರಕ್ತ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ನಳಿಕೆಯ ಮೇಲೆ ಹೆಸರಿರುವುದಿಲ್ಲ. ಯಂತ್ರ ಏನು ಬರೆದುಕೊಂಡಿತು ಎಂಬುದೂ ಅವನಿಗೆ ಕಾಣುವುದಿಲ್ಲ. ಆದೇಶವೇ ಹಾಗಿತ್ತು.

ನಿಂಬೆವ್ವ ಜಗಳವಾಡಿದ ದಿನವೇ ಹೋಗಿ ರಕ್ತ ಕೊಟ್ಟು ಬಂದಳು. ಯಾವತ್ತಾದರೂ ಬೇರೆಯವರ ರಕ್ತ ಹಾಕಿಸಿಕೊಂಡಿದ್ದೀರಾ, ನಿಮ್ಮ ತಾಯಿಗೆ ನೀವು ಎಷ್ಟನೆಯವರು ಎಂದು ಡಾಕ್ಟರು ಕೇಳಿದರು. ಅಕ್ಕ ಅಣ್ಣ ಇದ್ದರೆ ಅವರ ಕಣಗಳೂ ತಾಯಿಯ ಮೂಲಕ ಬಂದಿರಬಹುದಂತೆ. ನಾನೇ ಚೊಚ್ಚಲು ಎಂದಳು ನಿಂಬೆವ್ವ. ಹಾಗಾದರೆ ಅನುಮಾನವೇ ಬೇಡ, ಸಿಕ್ಕರೆ ನಿಮ್ಮ ಮಗುವಿನದೇ ಎಂದರು ಡಾಕ್ಟರು.

ಉತ್ತರ ಸೊನ್ನೆ ಬಂತು.

ಲೋಬೋ ಡಾಕ್ಟರು ಅವಳನ್ನು ಕೂರಿಸಿಕೊಂಡು ಮೆತ್ತಗೆ ಹೇಳಿದರು. ಸೊನ್ನೆ ಬಂದರೆ ಬಸಿರೇ ಆಗಿಲ್ಲ ಎಂದರ್ಥವಲ್ಲ, ಕೆಲವರಲ್ಲಿ ಕಣ ಉಳಿಯುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿದರು. ನಿಂಬೆವ್ವನಿಗೆ ಸೊನ್ನೆ ಎನ್ನುವುದೊಂದೇ ಕೇಳಿಸಿತು.

ತಂಗಿ ಅವಳ ಮುಖ ನೋಡಿಯೇ ತಿಳಿದುಕೊಂಡಳು. ಅವತ್ತಿನಿಂದ ಚಂದ್ರವ್ವನ ಮಾತಿನಲ್ಲಿ ಜೇನು ಸುರಿಯಿತು. ಒಲೆಯ ಮುಂದೆ ಕೂರಬೇಡ, ಹೊಗೆ ಹತ್ತುತ್ತದೆ ಎಂದಳು. ತಾನೇ ಕರೆದು ಅಕ್ಕನ ತಲೆಗೆ ಎಣ್ಣೆ ಹಚ್ಚಿದಳು. ಮಾಳಪ್ಪನ ಕೂಸನ್ನು ತಂದು ತೊಡೆಯ ಮೇಲೆ ಹಾಕಿ, ನೀನೂ ಅಜ್ಜಿಯೇ ಅಲ್ಲವೇನು ಎಂದಳು. ಅವಳ ಎದೆಯ ಮೇಲಿನ ಕಲ್ಲು ಇಳಿದಿತ್ತು. ತಾನು ಈ ಮನೆಗೆ ಬಂದದ್ದಕ್ಕೆ ಕಾರಣ ಇತ್ತು, ತನ್ನ ಬಾಳು ಸುಮ್ಮಸುಮ್ಮನೆ ಯಾರೋ ಎತ್ತಿ ಒಗೆದದ್ದಲ್ಲ. ಅಷ್ಟು ಗೊತ್ತಾದರೆ ಅವಳಿಗೆ ಸಾಕಾಗಿತ್ತು. ನಿಂಬೆವ್ವನಿಗೆ ಆ ಎಣ್ಣೆ ಕುದಿಯುವ ಎಣ್ಣೆಯಾಗಿ ಇಳಿಯಿತು.

ಅದಕ್ಕಿಂತ ಕೆಟ್ಟದ್ದೆಂದರೆ, ಅವಳು ತನ್ನನ್ನೇ ನಂಬದಂತಾದಳು. ಎರೆಮಣ್ಣು ತೋಡಿದ ಕೈಗಳನ್ನು ಮುಂದೆ ಹಿಡಿದುಕೊಂಡು ನೋಡುವಳು. ಅತ್ತೆ ಹೇಳಿದ್ದೇ ಖರೆ ಇದ್ದೀತೇನು? ಹರಿದುಹೋದ ನೆತ್ತರಿಗೆ ಕೂಸು ಎಂದು ಹೆಸರಿಟ್ಟು, ಇಷ್ಟು ವರ್ಷ ಅದಕ್ಕಾಗಿ ಕಣ್ಣೀರು ಹಾಕಿದೆನೇನು? ಜಗತ್ತೆಲ್ಲ ಬಂಜೆ ಎಂದಾಗ ಬಗ್ಗದವಳು ಈಗ ಒಳಗೊಳಗೇ ಬಗ್ಗತೊಡಗಿದಳು. ಗಿರಾಕಿಗಳ ಜೊತೆ ಜಗಳವಾಡುವುದನ್ನೂ ಬಿಟ್ಟಳು. ಹಾಗಾದಾಗ ಊಟಕ್ಕೆ ಬರುವವರಿಗೂ ದಿಗಿಲಾಯಿತು.

ಒಂದು ಮಧ್ಯಾಹ್ನ ಲೋಬೋ ಡಾಕ್ಟರು ಸಾಯಬಣ್ಣನನ್ನು ಕರೆದುಕೊಂಡು ಊಟಕ್ಕೆ ಬಂದರು. ಮುಖ ಗಂಟಿಕ್ಕಿತ್ತು. ಪಲ್ಯ ಮುಟ್ಟದೆ ಒಂದೇ ಸಮ ಕೆಲಸದ ಮಾತೇ ಆಡಿದರು. ಯಂತ್ರದಲ್ಲಿ ಏನೋ ಕೊರತೆ ಇದೆ, ಎಲ್ಲಿ ಎಂದು ತಿಳಿಯುತ್ತಿಲ್ಲ ಎಂದರು. ಇಷ್ಟು ಸಾವಿರ ಹೆಂಗಸರನ್ನು ನೋಡಿದ್ದಾಯಿತು. ಸೊನ್ನೆ ಬಂದವರಿದ್ದಾರೆ, ಎರಡು ಬಂದವರು, ಮೂರು ಬಂದವರು, ಹತ್ತು ಬಂದವರೂ ಇದ್ದಾರೆ. ಒಂದು ಬಂದವರು ಒಬ್ಬರೂ ಇಲ್ಲ. ಏಣಿಯ ಒಂದು ಮೆಟ್ಟಿಲನ್ನು ಯಾರೋ ಕಿತ್ತುಕೊಂಡು ಹೋದ ಹಾಗಿದೆ.

ನಿಂಬೆವ್ವ ಪಕ್ಕದಲ್ಲೇ ನಿಂತು ಪಾರ್ಸೆಲ್ ರೊಟ್ಟಿ ಎಣಿಸಿ ಕಟ್ಟುತ್ತಿದ್ದಳು.

“ಲಾಭ, ಎರಡು, ಮೂರು, ನಾಕು…”

“ಏನಮ್ಮಾ, ನನ್ನ ಕರೆದಿರಾ?” ಎಂದರು ಡಾಕ್ಟರು.

“ಉಣ್ಣಾಕ ಕುಂತಾವ್ರನ್ನ ಯಾಕ ಕರೀಲ್ರಿ. ರೊಟ್ಟಿ ಎಣಸಾಕತ್ತೀನಿ.”

“ಲೋಬೋ ಅಂದ ಹಾಗೆ ಕೇಳಿಸಿತು.”

“ಲಾಭ ಅಂದ್ನಿರಿ. ಲಾಭ, ಎರಡು, ಮೂರು.”

“ಒಂದು ಎಲ್ಲಿ ಹೋಯಿತು?”

ನಿಂಬೆವ್ವನಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. ಕಲಿತವರಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎನ್ನಿಸಿತು. “ಒಂದು ಅನ್ನಬಾರದ್ರಿ. ರಾಶಿ ಅಳಿಯೂ ಮುಂದ ಮೊದಲನೇ ಕೊಳಗಕ್ಕ ಲಾಭ ಅಂತೀವಿ. ಒಂದು ಅಂದ್ರ ಅದು ಒಂದಕ್ಕs ನಿಂತಬಿಡತೈತಿ, ಹೆಚ್ಚಾಗಂಗಿಲ್ಲ.”

ಡಾಕ್ಟರು ತಿರುಗಿ ಸಾಯಬಣ್ಣನನ್ನು ನೋಡಿದರು. ಅವನು ಬಾಯಿಯ ಹತ್ತಿರ ಒಯ್ದ ತುತ್ತನ್ನು ಅಲ್ಲೇ ಹಿಡಿದುಕೊಂಡು ಕುಳಿತಿದ್ದ.

“ನೀವೂ?”

“ಹೌದ್ರಿ ಮೇಡಂ,” ಎಂದ ಅವನು ಸಣ್ಣ ದನಿಯಲ್ಲಿ. “ನಮ್ಮಪ್ಪ ರಾಶಿ ಕಣದಾಗ ಕಲಿಸಿದ್ದು. ನಾಲಿಗಿಗೆ ಬ್ಯಾರೆ ಬರಂಗs ಇಲ್ರಿ.”

ಡಾಕ್ಟರು ಎರಡೂ ಕೈಗಳಲ್ಲಿ ತಲೆ ಹಿಡಿದುಕೊಂಡರು. ಕತ್ತಲೆಯ ಕೋಣೆಯಿಂದ ಎಷ್ಟೋ ಸಲ ಲಾಭ ಎನ್ನುವ ಆ ದನಿ ಕೇಳಿಸಿಕೊಂಡಿದ್ದರು ಅವರು. ತನ್ನನ್ನೇ ಕರೆಯುತ್ತಿದ್ದಾನೆ ಅಂದುಕೊಂಡು, ಮೇಡಂ ಎನ್ನದೆ ಬರೀ ಹೆಸರು ಹಿಡಿಯುತ್ತಾನಲ್ಲ ಎಂದು ಒಳಗೇ ಸಿಟ್ಟಾಗಿದ್ದರೂ ಉಂಟು. ಕೋಣೆಯೊಳಗೆ ಜನ ಒಬ್ಬರನ್ನೊಬ್ಬರು ಕರೆಯುವುದು ಇದ್ದದ್ದೇ, ಆದ್ದರಿಂದ ಕೆಲಸದವರ ಹೆಸರುಗಳನ್ನು ಕಿವಿಗೆ ಹಾಕಿಕೊಳ್ಳಬೇಡ ಎಂದು ಯಂತ್ರಕ್ಕೆ ಕಲಿಸಿದವರೂ ಅವರೇ. ಲಾಭ, ಎರಡು, ಮೂರು ಎಂದರೆ ಯಂತ್ರ ಕಡೆಯ ಅಂಕಿಯಾದ ಮೂರನ್ನು ಬರೆದುಕೊಳ್ಳುತ್ತದೆ, ಲೆಕ್ಕ ಸರಿಯಾಗಿಯೇ ಇರುತ್ತದೆ. ಬರೀ ಲಾಭ ಎಂದು ಮುಗಿಸಿದರೆ ಯಂತ್ರದ ಕಿವಿಗೂ ಅದು ಲೋಬೋ, ಅವನು ಡಾಕ್ಟರನ್ನು ಕರೆದು ಸುಮ್ಮನಾದ, ಅಷ್ಟೆ. ಒಂದೇ ಒಂದು ಕಣ ಉಳಿಸಿಕೊಂಡಿದ್ದ ಪ್ರತಿ ತಾಯಿಗೂ ಸೊನ್ನೆ ಎಂದು ಹೇಳಿ ಕಳಿಸಿದ್ದರು.

ಡಾಕ್ಟರು ಕೈ ತೊಳೆಯದೆ ಎದ್ದು ರಸ್ತೆ ದಾಟಿದರು. ಸಾಯಬಣ್ಣ ಹಿಂದೆ ಓಡಿದ. ನಿಂಬೆವ್ವ ಕಟ್ಟಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಅವಳಿಗೆ ಅರ್ಥವಾಗಿತ್ತು. ಆಸೆಪಡಲು ಭಯವಾಗಿ ಅಲ್ಲಿಂದ ಅಲುಗಲಿಲ್ಲ.

ಹಳೆಯ ಚಿತ್ರಗಳನ್ನೆಲ್ಲ ತೆಗೆದು ನೋಡಿ, ಮಾರನೆಯ ದಿನ ಡಾಕ್ಟರೇ ಬಂದು ಕರೆದರು. ಏನು ಕಂಡಿತೆಂದು ಹೇಳಲಿಲ್ಲ. ಇನ್ನೊಂದು ಸಲ ರಕ್ತ ಕೊಡಿ, ಈ ಸಲ ನಿಮ್ಮ ಕಣ್ಣ ಮುಂದೆಯೇ ಎಣಿಸೋಣ ಎಂದರು. ನಿಂಬೆವ್ವ ಹೊರಟಳು. ಚಂದ್ರವ್ವನನ್ನು ಯಾರೂ ಕರೆದಿರಲಿಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಂಡು ಅಕ್ಕನ ಹಿಂದೆ ಬಂದಳು. ಅವಳು ಇರಲೇನು ಎಂದು ಡಾಕ್ಟರು ಕೇಳಿದರು. ಇರಲಿ ಎಂದಳು ನಿಂಬೆವ್ವ. ತೋರಿಸಬೇಕಾಗಿದ್ದದ್ದೂ ಅವಳಿಗೇ.

ಕೋಣೆಯ ದೀಪ ಆರಿಸಿದರು. ಪರದೆ ಬೆಳಗಿತು.

ನಿಂಬೆವ್ವ ಕುರಿ ಹಟ್ಟಿಯಲ್ಲಿ ಬಯಲಿಗೆ ಮಲಗಿ ಬೆಳೆದವಳು. ಆಕಾಶ ಅವಳಿಗೆ ಹೊಸದಲ್ಲ. ಆದರೂ ಕುಳಿತಲ್ಲಿಂದಲೇ ಪರದೆಯ ಕಡೆಗೆ ಬಾಗಿದಳು. ಕಪ್ಪು ಬಯಲಿನ ತುಂಬ ಹಸಿರು ಚುಕ್ಕಿಗಳು. ದಂಡೆಯೇ ಇಲ್ಲ, ಸಾಯಬಣ್ಣ ಸರಿಸಿದಷ್ಟೂ ಹೊಸ ಹೊಸ ಬಯಲು ಬರುತ್ತಿದೆ, ಅಲ್ಲಿಯೂ ಹಸಿರು, ನಡುವೆ ಎಲ್ಲೋ ಒಂದೊಂದು ಕೆಂಪು. ಇದೆಲ್ಲ ನನ್ನದೇನು ಎಂದು ಕೇಳಿದಳು. ಒಂದು ಚಮಚ ಮಾತ್ರ ಎಂದರು ಡಾಕ್ಟರು. ತನ್ನ ಮೈಯೊಳಗೆ ಇಷ್ಟು ಬೆಳಕು ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ರೊಟ್ಟಿ ಬಡಿದು, ಮುಸುರೆ ತಿಕ್ಕಿ, ಬೈಸಿಕೊಂಡು, ಬೈದು ಸವೆಸಿದ ಮೈ ಇದು.

ಯಂತ್ರ ತಾನು ಗುರುತು ಮಾಡಿದ ಜಾಗಗಳಿಗೆ ಸಾಯಬಣ್ಣನನ್ನು ಕರೆದೊಯ್ಯಿತು. ಮೊದಲನೆಯದು ಧೂಳು. ಎರಡನೆಯದೂ ಧೂಳು. ಮೂರನೆಯ ಜಾಗದಲ್ಲಿ ಅವನ ಕೈ ನಿಂತಿತು. ಹಸಿರು ಗುಂಪಿನಿಂದ ತುಸು ದೂರ, ಒಂಟಿಯಾಗಿ, ದುಂಡಗೆ, ಬಂಗಾರದ ಬಣ್ಣದ ಚುಕ್ಕಿ.

ಸಾಯಬಣ್ಣ ತುಟಿ ಸವರಿಕೊಂಡ. ಬಾಯಿ ತೆರೆದ, ಮುಚ್ಚಿದ. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿದ್ದುದು ಪರದೆಯ ಬೆಳಕಿನಲ್ಲಿ ಕಾಣುತ್ತಿತ್ತು. ತಿರುಗಿ ನಿಂಬೆವ್ವನ ಮುಖ ನೋಡಿದ, ಅಪ್ಪಣೆ ಕೇಳುವವನ ಹಾಗೆ.

“ಅನ್ನಪ್ಪಾ,” ಎಂದಳು ನಿಂಬೆವ್ವ.

“ಒಂದು,” ಎಂದ ಸಾಯಬಣ್ಣ.

ಯಂತ್ರ ಬರೆದುಕೊಂಡಿತು. ಉಳಿದ ಜಾಗಗಳಲ್ಲಿ ಏನೂ ಸಿಗಲಿಲ್ಲ. ಡಾಕ್ಟರು ಆ ಚುಕ್ಕಿಯನ್ನು ಪರದೆಯ ತುಂಬ ದೊಡ್ಡದು ಮಾಡಿದರು. ಬಂಗಾರದ ಸುತ್ತ ಹಸಿರು ಅಂಚು ಕಂಡಿತು.

“ಜೀವ ಐತೇನ್ರಿ ಅದರಾಗ?”

“ಇದೆ. ಹಸಿರು ಕಾಣುತ್ತಿದೆಯಲ್ಲ, ಬದುಕಿದೆ.”

“ಅವತ್ತಿನಿಂದಾನೂ?”

“ಅವತ್ತಿನಿಂದ. ಅದರ ಮಕ್ಕಳು ಮೊಮ್ಮಕ್ಕಳು ಅನ್ನಿ. ನೀವು ಉಂಡದ್ದನ್ನೇ ಉಂಡು ಬದುಕಿವೆ. ಈ ಚಮಚದಲ್ಲಿ ಒಂದು ಸಿಕ್ಕಿತು. ಮೈಯೊಳಗೆ ಇನ್ನೂ ಎಷ್ಟೋ ಇರಬೇಕು, ಎಲುಬಿನಲ್ಲಿ, ಎದೆಗುಂಡಿಗೆಯಲ್ಲಿ. ಗಾಯವಾದ ಕಡೆ ಹೋಗಿ ಸೇರಿಕೊಂಡದ್ದನ್ನೂ ನೋಡಿದ್ದೇವೆ.”

ನಿಂಬೆವ್ವ ಹಂಚು ತಾಗಿ ಸುಟ್ಟು ಮಾಯ್ದ ತನ್ನ ಮುಂಗೈಯನ್ನು ಇನ್ನೊಂದು ಕೈಯಿಂದ ಮುಚ್ಚಿ ಹಿಡಿದುಕೊಂಡಳು. ಅಳಲಿಲ್ಲ. ಆ ಎರೆಹೊಲದಲ್ಲಿ ಕಲ್ಲು ಹೇರಿ ಎದ್ದು ಬಂದಾಗ ತಾನು ಒಬ್ಬಳೇ ನಡೆದು ಬಂದೆ ಎಂದುಕೊಂಡಿದ್ದಳು. ಒಬ್ಬಳೇ ಬಂದಿರಲಿಲ್ಲ. ಅತ್ತೆ ನಕ್ಕಾಗ, ಊರು ಆಡಿಕೊಂಡಾಗ, ಗಂಡ ಎರಡನೆಯ ಬಾಸಿಂಗ ಕಟ್ಟಿಕೊಂಡು ಬಾಗಿಲಿಗೆ ಬಂದಾಗ, ಕೂಸು ಅವಳ ಮೈಯಲ್ಲೇ ಓಡಾಡುತ್ತಿತ್ತು.

“ಗಂಡೋ ಹೆಣ್ಣೋ?” ಹಿಂದಿನಿಂದ ಚಂದ್ರವ್ವ ಕೇಳಿದಳು. ಅವಳು ಬಾಗಿಲ ಹತ್ತಿರವೇ ನಿಂತಿದ್ದಳು, ಮುಂದೆ ಬಂದಿರಲಿಲ್ಲ.

ಡಾಕ್ಟರು ಏನೋ ಒತ್ತಿ ನೋಡಿದರು. “ಹೆಣ್ಣು,” ಎಂದರು.

ಹೆಣ್ಣು ಎಂದು ನಿಂಬೆವ್ವನ ತುಟಿ ಅಲುಗಿತು. ಅವಳು ಎದ್ದು ಹೋಗಿ ಪರದೆಯ ಮೇಲೆ ಅಂಗೈ ಇಟ್ಟಳು. ಬೆರಳುಗಳ ಸಂದಿಯಿಂದ ಬಂಗಾರದ ಬೆಳಕು ಹೊರಗೆ ಬಂತು. ಮುಟ್ಟಬಾರದು ಎಂದು ಯಾರೂ ಹೇಳಲಿಲ್ಲ.

“ನೀ ಹಡದಾಕಿ ಅದೀ ಅಕ್ಕ,” ಎಂದಳು ಚಂದ್ರವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿದವರು ತಲೆಯ ಮೇಲಿನ ಹೊರೆಯನ್ನು ಕೆಳಗಿಡುವಾಗ ಬರುವ ದನಿ ಅದು. “ನಿನ್ನ ಬದ್ಲಿ ಹಡಿಯಾಕ ಅಂತ ನನ್ನ ತಂದಿದ್ರು. ಇನ್ನ ಈ ಮನ್ಯಾಗ ನಂದೇನೂ ಕೆಲಸ ಇಲ್ಲ.”

ನಿಂಬೆವ್ವ ಹ್ಞೂಂ ಎಂದಳು. ಮಾತು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಅವಳ ಕಣ್ಣು ಪರದೆಯನ್ನು ಬಿಟ್ಟು ಬರಲಿಲ್ಲ. ಬಾಗಿಲು ತೆರೆದು ಮುಚ್ಚಿಕೊಂಡದ್ದು ಸಾಯಬಣ್ಣನಿಗೆ ಕೇಳಿಸಿತು, ಅವಳಿಗೆ ಕೇಳಿಸಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವಳು ಹೊರಗೆ ಬಂದಳು. ಬಿಸಿಲು ಕಣ್ಣಿಗೆ ಹೊಡೆಯಿತು. ತಂಗಿ ಹೇಳಿದ ಮಾತು ಅವಳಿಗೆ ಆಗ, ರಸ್ತೆಯ ನಡುವೆ, ತಿಳಿಯಿತು. ಓಡಿದಳು. ಖಾನಾವಳಿಯ ಒಲೆ ಆರಿತ್ತು. ಕಲಸಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು. ಊಟಕ್ಕೆ ಕಾಯುತ್ತಿದ್ದ ಒಬ್ಬ ಲಾರಿ ಡ್ರೈವರು, ಆಕೆ ಆಗಲೇ ಕೈಬೀಸಿಕೊಂಡು ನಡೆದು ಹೋದಳು, ರೊಟ್ಟಿ ಇಲ್ಲವೇನವ್ವ ಎಂದು ಕೇಳಿದರೆ ತಿರುಗಿಯೂ ನೋಡಲಿಲ್ಲ ಎಂದ. ಯಾವ ಕಡೆ ಎಂದರೆ ಊರ ಹೊರಗಿನ ದಿಕ್ಕಿಗೆ ಕೈ ಮಾಡಿದ.

ಮಾಳಪ್ಪ ಗಾಡಿ ತೆಗೆದುಕೊಂಡು ಸಂಬಂಧಿಕರ ಊರುಗಳನ್ನೆಲ್ಲ ತಿರುಗಿದ. ಮಠಗಳಲ್ಲಿ ಕೇಳಿದ, ಬಸ್ ನಿಲ್ದಾಣಗಳಲ್ಲಿ ಫೋಟೋ ತೋರಿಸಿದ. ಒಂದು ದಿನ ಮತ್ತೆ ಹೊರಟು ನಿಂತವನನ್ನು ನಿಂಬೆವ್ವ ತಡೆದಳು. ಯಾರೋ ಕರೆತಂದದ್ದಕ್ಕೆ ಬಂದಿದ್ದಳು, ಈಗ ತಾನಾಗಿ ಹೋಗಿದ್ದಾಳೆ, ಹುಡುಕಬೇಡ ಎಂದಳು.

ಚಂದ್ರವ್ವ ಬರಲಿಲ್ಲ.